ಪ್ಯಾಡಲ್ ಬೋರ್ಡ್ ಕಲಿಯಲು ಕಳಿಸಬಹುದೇ? ಮೊದಲು ಐದು ಪ್ರಶ್ನೆ

ಬೇಸಿಗೆ ರಜೆ ಹತ್ತಿರ ಬಂದರೆ ಮದ್ರಸದ ಬಾಗಿಲಿಗೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ಮೊದಲೆಲ್ಲ "ಉಸ್ತಾದ್, ಮಗನನ್ನು ಕಾಲೇಜಿಗೆ ಸೇರಿಸುವುದಾ, ದರ್ಸ್‌ಗೆ ಸೇರಿಸುವುದಾ?" ಅಂತ ಕೇಳುತ್ತಿದ್ದರು. ಈಗ ಉಮ್ಮಂದಿರ ಪ್ರಶ್ನೆ ಬೇರೆ. "ಮಗ ಗೆಳೆಯರೊಟ್ಟಿಗೆ ಮೂಲ್ಕಿಗೆ ಹೋಗಿ ಎಂತದೋ ಹಲಗೆ ಮೇಲೆ ನಿಂತು ಹುಟ್ಟು ಹಾಕುವುದು ಕಲೀತೇನೆ ಅಂತಾನೆ, ಕಳಿಸಬಹುದಾ?" "ಮಗಳೂ ಹೋಗ್ತೇನೆ ಅಂತಾಳೆ, ಎಂತ ಹೇಳುವುದು?" ನಾವು ನೀರಾಟದ ಪಂಡಿತರಲ್ಲ. ಆದರೂ ಕೇಳಿದವರಿಗೆ ಹೌದು ಅಥವಾ ಇಲ್ಲ ಎಂದು ಒಂದೇ ಶಬ್ದದಲ್ಲಿ ಹೇಳಿ ಕಳಿಸುವುದು ನ್ಯಾಯವಲ್ಲ. ಹಾಗಾಗಿ ತಿಳಿದವರಲ್ಲಿ ಕೇಳಿ, ನೋಡಿ, ಯೋಚಿಸಿ ನಮಗೆ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅದರ ಹೆಸರು ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡಿಂಗ್. ಚಿಕ್ಕದಾಗಿ ಸಪ್ ಅಂತಾರೆ. ಕಲಿಯುವವರಿಗೆ ಕೊಡುವ ಹಲಗೆ ಸುಮಾರು 10ರಿಂದ 11 ಅಡಿ ಉದ್ದ, 32 ಇಂಚಿನ ಆಸುಪಾಸು ಅಗಲ ಇರುತ್ತದೆ. ಕೆಲವು ಗಟ್ಟಿ ಹಲಗೆ, ಕೆಲವು ಗಾಳಿ ತುಂಬಿಸುವಂಥದ್ದು. ಅದರ ಮೇಲೆ ನಿಂತು, ಆಳೆತ್ತರಕ್ಕಿಂತ ಸ್ವಲ್ಪ ಉದ್ದದ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾ ಮುಂದೆ ಹೋಗುವುದು. ಸರ್ಫಿಂಗ್‌ಗೆ ಅಲೆ ಬೇಕು, ಇದಕ್ಕೆ ಬೇಡ. ನಿಂತ ನೀರು, ಹಿನ್ನೀರು, ನಿಧಾನ ಹರಿಯುವ ನದಿ ಸಾಕು. ಈಗಿನ ರೂಪ ಹವಾಯಿ ದ್ವೀಪದ ಸರ್ಫರ್‌ಗಳಿಂದ ಬಂದದ್ದು. ಆದರೆ ದೋಣಿ ಮೇಲೆ ನಿಂತು ಗಳ ಹಾಕಿ ಹೋಗುವುದು ನೇತ್ರಾವತಿ ದಡದ ಹಿರಿಯರಿಗೆ ಹೊಸತೇನೂ ಅಲ್ಲ. ಕಡವಿನ ದೋಣಿ ನೋಡಿದವರಿಗೆ, ಮರುವಾಯಿ ಹೆಕ್ಕುವ ಸಣ್ಣ ದೋಣಿ ನೋಡಿದವರಿಗೆ ಇದು ಅರ್ಥ ಆಗ್ತದೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಕಲಿಯಲಿ, ಕಳಿಸಿ. ಆದರೆ ಕಳಿಸುವ ಮೊದಲು ಐದು ಪ್ರಶ್ನೆಗೆ ಉತ್ತರ ಸಿಗಬೇಕು. ಒಂದಕ್ಕೆ ಉತ್ತರ ಸಿಗದಿದ್ದರೂ ಆ ದಿನ ಬೇಡ, ಇನ್ನೊಂದು ದಿನ ನೋಡೋಣ ಅನ್ನಿ. ಆ ಪ್ರಶ್ನೆಗಳಿಗೆ ಬರುವ ಮೊದಲು, ನಮ್ಮ ಮನೆಗಳಲ್ಲಿ ಎದ್ದ ಕೂಡಲೇ ಬರುವ ಎರಡು ಮಾತುಗಳನ್ನು ನೋಡಬೇಕು.

ಮೊದಲನೆಯ ಮಾತು, "ಇದೆಲ್ಲ ನಮ್ಮವರದ್ದಲ್ಲ." ಈ ಮಾತು ಕೇಳುವಾಗ ಆಶ್ಚರ್ಯ ಆಗ್ತದೆ. ಬ್ಯಾರಿ ಎಂಬ ಹೆಸರು ತುಳುವಿನ ಬ್ಯಾರ, ಅಂದರೆ ವ್ಯಾಪಾರ ಎಂಬ ಶಬ್ದದಿಂದ ಬಂತು ಎನ್ನುವವರಿದ್ದಾರೆ. ಸಮುದ್ರ ಎಂಬರ್ಥದ ಅರಬಿಯ ಬಹ್ರ್ ಎಂಬ ಶಬ್ದದಿಂದ ಬಂತು ಎನ್ನುವವರೂ ಇದ್ದಾರೆ. ಯಾವುದು ಸರಿ ಎಂದು ವಿದ್ವಾಂಸರು ಹೇಳಲಿ. ಎರಡರಲ್ಲೂ ನೀರು ಉಂಟು, ಏಕೆಂದರೆ ಆ ವ್ಯಾಪಾರ ನಡೆದದ್ದೇ ಹಡಗು-ದೋಣಿಗಳಲ್ಲಿ. ಇವತ್ತಿಗೂ ಕಸಬಾ ಬೆಂಗ್ರೆಯ ನಮ್ಮ ಮಕ್ಕಳು ಫೆರಿ ದಾಟಿಯೇ ಬಂದರಿಗೆ ಬರುತ್ತಾರೆ. ಉಳ್ಳಾಲದ ಕೋಟೆಪುರದಲ್ಲಿ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ಅಡ್ಯಾರ್, ಗುರುಪುರ, ಮೂಲ್ಕಿ, ಎಲ್ಲಿ ನೋಡಿದರೂ ನಮ್ಮ ಮನೆಗಳು ನದಿ ಬದಿಯಲ್ಲೇ. ಇಂಥ ಸಮುದಾಯ ನೀರು ನಮ್ಮದಲ್ಲ ಅನ್ನುವುದು ಹೇಗೆ?

ನಾವು "ನಮ್ಮದಲ್ಲ" ಅನ್ನುವ ಹೊತ್ತಿಗೆ ಊರು ಬಹಳ ಮುಂದೆ ಹೋಗಿದೆ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯಿತು. ಅದೇ ಕಡಲತೀರದಲ್ಲಿ 2024ರ ಮಾರ್ಚ್‌ನಲ್ಲಿ ಪ್ಯಾಡಲ್ ಬೋರ್ಡ್‌ನ ಅಂತಾರಾಷ್ಟ್ರೀಯ ಸ್ಪರ್ಧೆಯೂ ನಡೆದು, ಬೇರೆ ಬೇರೆ ದೇಶದವರು ಬಂದು ಹೋದರು. ನಮ್ಮ ಕರಾವಳಿಯ ನೀರಿನಲ್ಲೇ ಕಲಿತ ತನ್ವಿ ಜಗದೀಶ್ ಎಂಬ ಹುಡುಗಿ 2016ರಲ್ಲಿ ಫಿಜಿಯ ವಿಶ್ವ ಚಾಂಪಿಯನ್‌ಶಿಪ್‌ಗೆ ಭಾರತದ ಪರವಾಗಿ ಹೋಗಿ ಬಂದರು. ಕಲಿಸುವ ಕೇಂದ್ರಗಳು ಮೂಲ್ಕಿಯಲ್ಲೂ ಉಂಟು, ಉಡುಪಿಯ ಕೋಡಿ ಬೆಂಗ್ರೆಯಲ್ಲೂ ಉಂಟು. ಬೆಂಗಳೂರಿನವರು ರಾತ್ರಿ ಬಸ್ಸು ಹಿಡಿದು ಬಂದು ಕಲಿತು ಹೋಗ್ತಾರೆ. ಅರ್ಧ ಗಂಟೆ ದೂರದಲ್ಲಿರುವ ನಾವು ದಡದಲ್ಲಿ ಚರುಮುರಿ ತಿಂದು ವಾಪಸ್ ಬರುತ್ತೇವೆ.

ಎರಡನೆಯ ಮಾತು, "ನೀರಿನ ಹತ್ತಿರ ಹೋಗುವುದೇ ಬೇಡ, ಅಪಾಯ." ಈ ಭಯ ಸುಳ್ಳಲ್ಲ. ಬೇಸಿಗೆ ರಜೆಯಲ್ಲಿ, ಹಬ್ಬದ ಮರುದಿನದ ಪ್ರವಾಸದಲ್ಲಿ, ಮದುವೆಗೆ ಬಂದ ನೆಂಟರ ಮಕ್ಕಳು ಹೊಳೆಗೆ ಇಳಿದಾಗ ಏನಾಗುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತಿದ್ದಾರೆ. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವುದು ಮೂರನೆಯ ಸ್ಥಾನದಲ್ಲಿದೆ. ನಮ್ಮ ಮದ್ರಸದ ಬೆಂಚಿನಲ್ಲಿ ಕೂರುವ ಮಕ್ಕಳ ಪ್ರಾಯವೇ ಅದು.

ಆದರೆ ಮುಳುಗಿದ ಮಕ್ಕಳು ಯಾರು ಎಂದು ಒಮ್ಮೆ ಯೋಚಿಸಿ. ಲೈಫ್ ಜಾಕೆಟ್ ಹಾಕಿ, ಕಲಿಸುವವರ ಕಣ್ಣೆದುರು ನೀರಿಗಿಳಿದವರು ಅದರಲ್ಲಿ ತೀರಾ ಕಡಿಮೆ. ಹೆಚ್ಚಿನವರು ಮನೆಯಲ್ಲಿ ಹೇಳದೆ ಹೋದವರು. ಕ್ರಿಕೆಟ್‌ಗೆ ಹೋಗ್ತೇನೆ ಅಂತ ಹೇಳಿ ಹೊಳೆಗೆ ಹೋದವರು. ಒಬ್ಬ ಮುಳುಗುವಾಗ ಹಿಡಿಯಲು ಹೋಗಿ ಇನ್ನೊಬ್ಬನೂ ಹೋದದ್ದು. ಬೇಡ ಎಂದ ಮಾತ್ರಕ್ಕೆ ಹದಿನಾರು ವರ್ಷದ ಹುಡುಗ ನೀರಿಂದ ದೂರ ಉಳಿಯುವುದಿಲ್ಲ, ಮನೆಯವರಿಗೆ ಗೊತ್ತಿಲ್ಲದ ನೀರಿಗೆ ಹೋಗ್ತಾನೆ, ಅಷ್ಟೇ ವ್ಯತ್ಯಾಸ. ಮುಳುಗಿ ತೀರಿದವರಿಗೆ ಶಹೀದರ ದರ್ಜೆ ಉಂಟು ಎಂದು ಮಯ್ಯಿತ್ ಮನೆಯಲ್ಲಿ ನಾವು ಸಮಾಧಾನ ಹೇಳುತ್ತೇವೆ. ಅದು ಕಳೆದುಕೊಂಡವರಿಗೆ ಇರುವ ಸಮಾಧಾನ. ಬದುಕಿರುವ ಮಕ್ಕಳಿಗೆ ಈಜು ಕಲಿಸದೆ ಬಿಡಲು ಅದು ಅನುಮತಿ ಪತ್ರ ಅಲ್ಲ. ಈಜು ಕಲಿಸುವುದನ್ನು ವ್ಯರ್ಥ ಆಟಗಳ ಸಾಲಿನಿಂದ ಹೊರಗಿಟ್ಟು ಹೇಳಿದ ಹದೀಸ್ ಇಮಾಮ್ ನಸಾಈ ಅವರ ಸಂಗ್ರಹದಲ್ಲಿ ಉಂಟು. ನಾವದನ್ನು ಮಕ್ಕಳಿಗೆ ಓದಿಸುತ್ತೇವೆ, ಈಜು ಮಾತ್ರ ಕಲಿಸುವುದಿಲ್ಲ.

ಇನ್ನು ಆ ಐದು ಪ್ರಶ್ನೆಗಳಿಗೆ ಬರೋಣ.

ಮೊದಲ ಪ್ರಶ್ನೆ: ನೀರಿಗೆ ಬಿದ್ದರೆ ಏನು ಮಾಡ್ತೀಯಾ? ಹಲಗೆಯಿಂದ ಬೀಳದೆ ಕಲಿತವರು ಇಲ್ಲ. ಮೊದಲ ದಿನ ಹತ್ತು ಸಲ ಬೀಳಬಹುದು. ಬಿದ್ದಾಗ ಗಾಬರಿಯಾಗದೆ ಮುಖ ಮೇಲೆ ಇಟ್ಟುಕೊಂಡು ತೇಲುವುದು, ನಾಲ್ಕು ಕೈ ಬೀಸಿ ಹಲಗೆಯ ಹತ್ತಿರ ಬರುವುದು, ಇಷ್ಟಾದರೂ ಬರಬೇಕು. ಈಜು ಬಾರದವರನ್ನೂ ಲೈಫ್ ಜಾಕೆಟ್ ಹಾಕಿಸಿ ಕಲಿಸುವ ಕಡೆಗಳಿವೆ. ದೊಡ್ಡವರು, ಸೊಂಟದ ಮಟ್ಟದ ನಿಂತ ನೀರಿನಲ್ಲಿ, ಪಕ್ಕದಲ್ಲೇ ಕಲಿಸುವವರು ಇದ್ದರೆ ಹಾಗೆ ಒಂದು ದಿನ ಪ್ರಯತ್ನ ಮಾಡುವುದರಲ್ಲಿ ತಪ್ಪಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಒಪ್ಪುವುದಿಲ್ಲ. ಮಕ್ಕಳು ಮೊದಲು ಈಜು ಕಲಿಯಲಿ, ಆಮೇಲೆ ಹಲಗೆ. ಮಂಗಳೂರಲ್ಲಿ ಲೇಡಿಹಿಲ್‌ನ ಮಂಗಳಾ ಈಜುಕೊಳ ಉಂಟು, ಎಮ್ಮೆಕೆರೆಯಲ್ಲೂ ಈಜುಕೊಳ ಆಗಿದೆ. ಒಂದು ರಜೆಯಲ್ಲಿ ಈಜು, ಮುಂದಿನ ರಜೆಯಲ್ಲಿ ಪ್ಯಾಡಲ್ ಬೋರ್ಡ್ ಎಂದು ಮಗನೊಟ್ಟಿಗೆ ಒಪ್ಪಂದ ಮಾಡಿ ನೋಡಿ. ಅವನು ಒಪ್ತಾನೆ, ಕಲೀತಾನೆ ಸಹ.

ಎರಡನೆಯ ಪ್ರಶ್ನೆ: ಯಾವ ನೀರು? ನೀರೆಲ್ಲ ಒಂದೇ ಅಲ್ಲ. ಮೊದಲ ಪಾಠಕ್ಕೆ ಕಡಲು ಬೇಡ, ಹಿನ್ನೀರು ಬೇಕು. ಅದರಲ್ಲೂ ಅಳಿವೆ ಬಾಗಿಲಿನಿಂದ ಸಾಕಷ್ಟು ಒಳಗಿರುವ ಜಾಗ. ಅಳಿವೆಯ ಹತ್ತಿರ ನೀರು ಮೇಲಿಂದ ಶಾಂತವಾಗಿ ಕಂಡರೂ ಇಳಿತದ ಹೊತ್ತಿಗೆ ನದಿ ಮತ್ತು ಕಡಲು ಎರಡೂ ಸೇರಿ ಹೊರಗೆ ಎಳೆಯುತ್ತವೆ. ಉಬ್ಬರ-ಇಳಿತ ಸುಮಾರು ಆರು ಗಂಟೆಗೊಮ್ಮೆ ಬದಲಾಗುವುದು ಮೀನುಗಾರರಿಗೆ ಬಾಯಿಪಾಠ. ನಮಗೂ ಒಂದು ಸುಲಭದ ಲೆಕ್ಕ ಉಂಟು. ಗೋಡೆ ಮೇಲೆ ನೇತಾಡುವ ಹಿಜ್‌ರಿ ಕ್ಯಾಲೆಂಡರ್ ನೋಡಿ. ತಿಂಗಳ ಮೊದಲ ಒಂದೆರಡು ದಿನ ಮತ್ತು 14, 15ರ ಆಸುಪಾಸಿನಲ್ಲಿ ಉಬ್ಬರ-ಇಳಿತದ ಎಳೆತ ಜೋರಿರುತ್ತದೆ. 7, 8 ಮತ್ತು 21, 22ರ ಹೊತ್ತಿಗೆ ಕಡಿಮೆ. ಹೊಸಬರು ಆ ಕಡಿಮೆಯ ದಿನಗಳನ್ನು ಆರಿಸಿಕೊಳ್ಳಲಿ.

ಇನ್ನೂ ಎರಡು ಅಪಾಯ ನಮ್ಮ ನದಿಗಳಲ್ಲಿ ಉಂಟು. ಒಂದು, ಹೊಯ್ಗೆ ತೆಗೆದ ಗುಂಡಿಗಳು. ಮೊಣಕಾಲು ನೀರಲ್ಲಿ ನಡೆಯುತ್ತಾ ಹೋದವನು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಇಳಿಯಬಹುದು. ಇನ್ನೊಂದು, ಕಿಂಡಿ ಅಣೆಕಟ್ಟುಗಳ ಹತ್ತಿರದ ನೀರು. ಅಲ್ಲಿ ನೀರು ಸುಳಿದು ಸುಳಿದು ಒಳಗೆ ಎಳೆಯುತ್ತದೆ, ಒಳ್ಳೆಯ ಈಜುಗಾರನೂ ಹೊರಗೆ ಬರಲು ಕಷ್ಟಪಡ್ತಾನೆ. ಹಾಗಾಗಿ ಆನ್‌ಲೈನಲ್ಲಿ ಹಲಗೆ ತರಿಸಿ, ಗಾಳಿ ತುಂಬಿಸಿ, ಊರ ಹೊಳೆಯಲ್ಲಿ ತಾವೇ ಕಲಿಯುತ್ತೇವೆ ಎನ್ನುವ ಹುಡುಗರಿಗೆ ನಮ್ಮ ಉತ್ತರ ಖಂಡಿತ ಬೇಡ. ಆ ನೀರಿನ ತಳ ಯಾವ ಜಾಗದಲ್ಲಿ ಹೇಗಿದೆ ಎಂದು ಗೊತ್ತಿರುವ ಒಬ್ಬರು ಜೊತೆಗೆ ಇರಲೇಬೇಕು.

ಮೂರನೆಯ ಪ್ರಶ್ನೆ: ಕಲಿಸುವವರು ಯಾರು? ಇನ್‌ಸ್ಟಾಗ್ರಾಂನಲ್ಲಿ ಚಂದದ ವಿಡಿಯೋ ಇದ್ದರೆ ಸಾಲದು. ಹಣ ಕೊಡುವ ಮೊದಲು ಕೇಳಿ: ಕಲಿಸಲು ತರಬೇತಿ ಪಡೆದ ಸರ್ಟಿಫಿಕೇಟ್ ಉಂಟಾ? ಜೀವರಕ್ಷಣೆ, ಪ್ರಥಮ ಚಿಕಿತ್ಸೆ ಗೊತ್ತುಂಟಾ? ಒಬ್ಬರು ಎಷ್ಟು ಜನರನ್ನು ನೋಡಿಕೊಳ್ತಾರೆ? ನಾಲ್ಕೈದು ಹೊಸಬರಿಗಿಂತ ಹೆಚ್ಚು ಜನರನ್ನು ಒಬ್ಬರೇ ನೋಡುವುದು ಕಷ್ಟ ಎಂಬುದು ನಮ್ಮ ಅನಿಸಿಕೆ. ಮದ್ರಸದಲ್ಲಿ ನಲವತ್ತು ಮಕ್ಕಳನ್ನು ಒಬ್ಬರೇ ನೋಡುವವರು ನಾವು, ಆದರೆ ಇಲ್ಲಿ ಬೆಂಚು ನೀರ ಮೇಲಿಲ್ಲ. ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಕೊಡ್ತಾರಾ ಎಂದು ನೋಡಿ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದರೆ ಜಾಕೆಟ್ ಕಿವಿಯವರೆಗೆ ಬರಬಾರದು, ಬಂದರೆ ಅದು ಸಡಿಲ. ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗವನ್ನು ಲೀಶ್ ಅಂತಾರೆ. ಬಿದ್ದಾಗ ಹಲಗೆ ದೂರ ಹೋಗದಂತೆ ಅದು ಹಿಡಿದಿಡುತ್ತದೆ. ಆದರೆ ರಭಸದಿಂದ ಹರಿಯುವ ನೀರಲ್ಲಿ ಕಾಲಿಗೆ ಕಟ್ಟಿದ ಹಗ್ಗ ಮರಕ್ಕೋ ಕಂಬಕ್ಕೋ ಸಿಕ್ಕಿ ಜೀವಕ್ಕೇ ಮುಳುವಾಗಬಹುದು. ಅಲ್ಲಿ ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವಂಥದ್ದು ಬೇಕು. ಈ ವ್ಯತ್ಯಾಸ ಕೇಳಿದಾಗ ಬಿಡಿಸಿ ಹೇಳುವವರು ಕಲಿಸಲು ಯೋಗ್ಯರು. "ಏನೂ ಆಗಲ್ಲ ಬನ್ನಿ" ಅನ್ನುವವರ ಹತ್ತಿರ ಬೇಡ.

ಇಲ್ಲೊಂದು ಮಾತು ಸೇರಿಸಬೇಕು. ಜಾಕೆಟ್ ಯಾಕೆ, ಅಲ್ಲಾಹು ಕಾಪಾಡ್ತಾನೆ ಅನ್ನುವ ಹುಡುಗರನ್ನು ನಾವು ಕಂಡಿದ್ದೇವೆ. ತವಕ್ಕುಲ್ ಎಂದರೆ ಮಾಡಬೇಕಾದ ಜಾಗ್ರತೆಯನ್ನೆಲ್ಲ ಮಾಡಿದ ಮೇಲೆ ಉಳಿದದ್ದನ್ನು ಅವನಿಗೆ ಬಿಡುವುದು. ಜಾಗ್ರತೆಯನ್ನೇ ಬಿಟ್ಟು ಅದಕ್ಕೆ ತವಕ್ಕುಲ್ ಎಂದು ಹೆಸರಿಡುವುದು ಸೋಮಾರಿತನ. ಬೈಕಿಗೆ ಹೆಲ್ಮೆಟ್ ಹಾಗೆ, ನೀರಿಗೆ ಜಾಕೆಟ್.

ನಾಲ್ಕನೆಯ ಪ್ರಶ್ನೆ: ಏನು ಹಾಕಿಕೊಂಡು ಹೋಗುವುದು? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಹೆಣ್ಣುಮಕ್ಕಳಿಗೆ ಮಾತ್ರ ಕೇಳುತ್ತಾರೆ. ಗಂಡಸರಿಗೂ ಔರತ್ ಉಂಟು, ಹೊಕ್ಕುಳಿಂದ ಮೊಣಕಾಲಿನವರೆಗೆ. ತುಂಡು ಚಡ್ಡಿ ಹಾಕಿ ನೀರಿಗಿಳಿಯುವ ಮಗನಿಗೆ ಏನೂ ಹೇಳದೆ, ಮಗಳ ಬಟ್ಟೆಯ ಬಗ್ಗೆ ಮಾತ್ರ ಫತ್ವಾ ಕೇಳಲು ಬರುವುದು ಸರಿಯಲ್ಲ. ಇಬ್ಬರಿಗೂ ಉದ್ದ ತೋಳಿನ, ಬೇಗ ಒಣಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಒಳ್ಳೆಯದು. ನಮ್ಮ ಬಿಸಿಲಿಗೂ ಅದೇ ಬೇಕು. ಹೊಸಬರಲ್ಲದ ಕ್ರೀಡಾಪಟುಗಳೂ ಮೈತುಂಬ ಹಾಕಿಕೊಂಡೇ ನೀರಿಗಿಳಿಯುತ್ತಾರೆ, ಇಲ್ಲದಿದ್ದರೆ ಚರ್ಮ ಸುಟ್ಟುಹೋಗ್ತದೆ.

ಹೆಣ್ಣುಮಕ್ಕಳ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಮರ್ಯಾದೆಯ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆಯೂ ಉಂಟು. ಬುರ್ಖಾ ಹಾಕಿಯೇ ನೀರಿಗಿಳಿಯುತ್ತೇನೆ ಎಂದರೆ ನಾವು ಬೇಡ ಎನ್ನುತ್ತೇವೆ. ನೀರು ಹೀರಿದ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳಿಗೂ ಕಷ್ಟ. ಹತ್ತಿಯ ಚೂಡಿದಾರ್, ಕುತ್ತಿಗೆಗೆ ಸುತ್ತಿದ ಶಾಲು, ಪಿನ್ ಚುಚ್ಚಿದ ಮಫ್ತಾ ಕೂಡ ನೀರಿಗೆ ಹೇಳಿದ್ದಲ್ಲ. ಮೈ ಪೂರ್ತಿ ಮುಚ್ಚುವ, ತಲೆಗೆ ಟೋಪಿಯಂತೆ ಕೂರುವ ಈಜುಡುಗೆಗಳು ಈಗ ಸಿಗುತ್ತವೆ. ಅದರ ಮೇಲೆ ಸ್ವಲ್ಪ ಸಡಿಲದ ಉದ್ದ ಟಾಪ್, ಅದರ ಮೇಲೆ ಲೈಫ್ ಜಾಕೆಟ್ ಹಾಕಿದರೆ ಮುಚ್ಚುವುದೂ ಆಯಿತು, ಕ್ಷೇಮವೂ ಆಯಿತು. ಐದಾರು ಮನೆಯ ಹೆಂಗಸರು, ಮಕ್ಕಳು ಸೇರಿ ಒಂದು ಹೊತ್ತನ್ನು ತಮಗೇ ಬುಕ್ ಮಾಡಿಕೊಳ್ಳಲಿ. ಕಲಿಸಲು ಹೆಂಗಸರು ಇದ್ದಾರಾ ಕೇಳಿ. ಇನ್ನೊಂದು ಮರೆಯಬೇಡಿ: ಹೆಚ್ಚಿನ ಕಡೆ ಪಾಠದ ಫೋಟೋ, ವಿಡಿಯೋ ತೆಗೆದು ಜಾಲತಾಣಕ್ಕೆ ಹಾಕುವ ರೂಢಿ ಉಂಟು. ನಮ್ಮದು ಹಾಕಬಾರದು ಎಂದು ಮೊದಲೇ ಹೇಳಿ, ಒಪ್ಪಿದರೆ ಮಾತ್ರ ಹೋಗಿ.

ಇಷ್ಟೆಲ್ಲ ರಗಳೆ ಯಾಕೆ, ಹುಡುಗಿಯರು ಮನೆಯಲ್ಲೇ ಇರಲಿ ಅನ್ನುವವರಿಗೆ ಒಂದು ಪ್ರಶ್ನೆ. ನೆರೆ ಬಂದಾಗ ಮನೆಯಲ್ಲಿ ಇರುವವರು ಯಾರು? ಹೊಳೆ ಬದಿಯಲ್ಲಿ ಬಟ್ಟೆ ಒಗೆಯುವವರು ಯಾರು? ಮಗು ಬಾವಿಯ ಹತ್ತಿರ, ಕೆರೆಯ ಹತ್ತಿರ ಹೋದರೆ ಮೊದಲು ಓಡಿ ಬರುವವರು ಯಾರು? ಉಮ್ಮ. ಆ ಉಮ್ಮನಿಗೆ ನೀರಲ್ಲಿ ಉಸಿರು ಹಿಡಿಯಲು ಬಾರದಿದ್ದರೆ ಎರಡು ಮಯ್ಯಿತ್ ಆಗ್ತದೆ. ಹೆಣ್ಣುಮಕ್ಕಳಿಗೆ ನೀರಿನ ಪಾಠ ಗಂಡುಮಕ್ಕಳಿಗಿಂತ ಹೆಚ್ಚು ಬೇಕು ಎಂಬುದು ನಮ್ಮ ಅಭಿಪ್ರಾಯ.

ಐದನೆಯ ಪ್ರಶ್ನೆ: ಯಾವಾಗ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಬೇಡ. ಆ ನೀರು ಕಲಿಯುವವರದ್ದಲ್ಲ. ಅಕ್ಟೋಬರ್ ಕಳೆದು ನದಿ ತಿಳಿಯಾದ ಮೇಲೆ ಮಳೆ ಬರುವವರೆಗೆ ಹೊತ್ತು ಉಂಟು. ದಿನದಲ್ಲಿ ಬೆಳಗ್ಗಿನ ಹೊತ್ತು ಒಳ್ಳೆಯದು, ಗಾಳಿ ಕಡಿಮೆ, ಬಿಸಿಲೂ ಕಡಿಮೆ. ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬೀಸಲು ಶುರುವಾದರೆ ಹಲಗೆಯ ಮೇಲೆ ನಿಂತ ಮನುಷ್ಯನೇ ಹಾಯಿಯಂತೆ ಆಗ್ತಾನೆ, ಗಾಳಿ ಕೊಂಡೊಯ್ದ ಕಡೆಗೇ ಹೋಗಬೇಕು. ಬೆಳಗ್ಗೆ ನೆಲದಿಂದ ಕಡಲಿನ ಕಡೆಗೆ ಬೀಸುವ ಗಾಳಿಯೂ ಉಂಟು. ದಡದಲ್ಲಿ ನಿಂತವನಿಗೆ ಕಡಲು ಕನ್ನಡಿಯಂತೆ ಕಾಣ್ತದೆ, ಆದರೆ ಹಲಗೆ ಮೆಲ್ಲನೆ ದೂರ ಹೋಗುವುದು ಗೊತ್ತೇ ಆಗುವುದಿಲ್ಲ. ಹೊಸಬರಿಗೆ ಕಡಲು ಬೇಡ, ನದಿ ಬೇಕು ಎಂದು ನಾವು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಬೆಳಗ್ಗಿನ ಹೊತ್ತು ಅಂದ ಕೂಡಲೇ ಮಕ್ಕಳ ಮುಖ ನಮ್ಮ ಕಡೆ ತಿರುಗುವುದು ಗೊತ್ತು. ಶುಕ್ರವಾರ ಮದ್ರಸಕ್ಕೆ ರಜೆ, ಶಾಲೆ ಉಂಟು. ಆದಿತ್ಯವಾರ ಶಾಲೆಗೆ ರಜೆ, ಮದ್ರಸ ಉಂಟು. ಈ ಗಂಟು ಬಿಡಿಸುವ ಜವಾಬ್ದಾರಿ ನಮ್ಮಂಥ ಮುಅಲ್ಲಿಮರದ್ದೂ ಹೌದು. ವರ್ಷದಲ್ಲಿ ಒಂದೆರಡು ಆದಿತ್ಯವಾರ ಮಕ್ಕಳನ್ನು ಈಜಿಗೆ ಕಳಿಸಿದರೆ ಪಾಠ ಹಿಂದೆ ಬೀಳುವುದಿಲ್ಲ. ಹುಡುಗರು ಸುಬ್‌ಹಿ ಮುಗಿಸಿ ಹೊರಡಲಿ, ಳುಹರ್‌ಗೆ ವಾಪಸ್ ಬರಲಿ. ರಂಝಾನಿನಲ್ಲಿ ಬೇಡ. ಬಿದ್ದಾಗ ನೀರು ಬಾಯಿಯೊಳಗೆ ಹೋಗದೆ ಇರುವುದಿಲ್ಲ, ಉಪವಾಸದ ದೇಹಕ್ಕೆ ಆ ಬಿಸಿಲೂ ಬೇಡ.

ಐದಕ್ಕೂ ಉತ್ತರ ಸಿಕ್ಕಿದರೆ ಹೋಗಿ. ಹೋದಲ್ಲಿ ಏನಾಗ್ತದೆ ಎಂದು ತಿಳಿದಿದ್ದರೆ ಭಯ ಅರ್ಧ ಕಡಿಮೆ. ಮೊದಲು ದಡದ ಮೇಲೆ ಹಲಗೆ ಇಟ್ಟು ಹೇಳಿಕೊಡ್ತಾರೆ. ಹುಟ್ಟು ನಿಮ್ಮ ತಲೆಗಿಂತ ಒಂದು ಗೇಣಿನಷ್ಟು ಎತ್ತರ ಇರಬೇಕು. ಅದರ ಅಗಲದ ತುದಿ ಸ್ವಲ್ಪ ಬಾಗಿರುತ್ತದೆ, ಆ ಬಾಗು ಮುಂದಕ್ಕೆ ಇರಬೇಕು. ಹೊಸಬರು ಹೆಚ್ಚಾಗಿ ಅದನ್ನು ತಿರುಗಿಸಿ ಹಿಡಿಯುತ್ತಾರೆ. ಆಮೇಲೆ ನೀರಲ್ಲಿ ಹಲಗೆಯ ನಡುವೆ ಮೊಣಕಾಲೂರಿ ಕೂತು ಹುಟ್ಟು ಹಾಕುವುದು. ನಮಾಝಿನಲ್ಲಿ ಕೂತು ಅಭ್ಯಾಸ ಇರುವ ನಮಗೆ ಇದು ಕಷ್ಟವಲ್ಲ. ಅಲ್ಲಿ ಹಿಡಿತ ಬಂದ ಮೇಲೆ ಒಂದೊಂದೇ ಪಾದ ಊರಿ ಏಳುವುದು. ಪಾದಗಳು ಭುಜದಷ್ಟು ಅಗಲ, ಮೊಣಕಾಲು ಸ್ವಲ್ಪ ಬಾಗಿರಬೇಕು, ಕಣ್ಣು ಮುಂದೆ ಇರಬೇಕು. ಪಾದ ನೋಡಿದವರು ಬೀಳ್ತಾರೆ. ಬೀಳುವಾಗ ಹಲಗೆಯ ಮೇಲೆ ಬೀಳದೆ ಬದಿಗೆ, ನೀರಿಗೇ ಬೀಳಬೇಕು. ತಲೆ ಕೆಳಗೆ ಮಾಡಿ ಹಾರುವುದು ಯಾವತ್ತೂ ಬೇಡ, ತಳ ಎಷ್ಟಿದೆ ಎಂದು ಗೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ಇದು: ಸುಸ್ತಾದರೂ, ಗಾಳಿ ಎಳೆದರೂ, ಹಲಗೆ ಬಿಡಬಾರದು. ಈಜಿ ದಡ ಸೇರುತ್ತೇನೆ ಎಂದು ಹಲಗೆ ಬಿಟ್ಟು ಹೊರಟವರಿಗೇ ಆಪತ್ತು ಬರುವುದು. ಹಲಗೆಯ ಮೇಲೆ ಮಲಗಿ, ಎರಡೂ ಕೈ ಎತ್ತಿ ಬೀಸಿ, ಬೊಬ್ಬೆ ಹಾಕಿ, ಕಾಯಿರಿ. ದಡದಲ್ಲಿ ಇರುವವರು 112ಕ್ಕೆ ಕರೆ ಮಾಡಲಿ, ಹಗ್ಗವೋ ಕ್ಯಾನೋ ಎಸೆಯಲಿ, ಬರಿಗೈಯಲ್ಲಿ ಹಾರಬೇಡಿ.

ಮಕ್ಕಳಿಗೆ ಮಾತ್ರ ಯಾಕೆ? ಸಕ್ಕರೆ ಕಾಯಿಲೆ, ಬಿ.ಪಿ., ಬೆನ್ನು ನೋವು ಇಲ್ಲದ ಮನೆ ನಮ್ಮಲ್ಲಿ ಎಷ್ಟುಂಟು? ನಲವತ್ತು ದಾಟಿದವರಿಗೂ ಇದು ಮೆಲ್ಲಗಿನ ಒಳ್ಳೆಯ ವ್ಯಾಯಾಮ, ಓಟದಂತೆ ಮೊಣಕಾಲಿಗೆ ಪೆಟ್ಟಿಲ್ಲ. ಆದರೆ ಸಕ್ಕರೆ ಇರುವವರು ಬರಿಗಾಲಲ್ಲಿ ನದಿಗೆ ಇಳಿಯಬೇಡಿ, ಚಿಪ್ಪು ತಾಗಿದ ಗಾಯ ಅವರಿಗೆ ಬೇಗ ವಾಸಿ ಆಗುವುದಿಲ್ಲ. ಹೃದಯದ ತೊಂದರೆ, ಫಿಟ್ಸ್ ಇರುವವರು ಡಾಕ್ಟರಲ್ಲಿ ಕೇಳದೆ ಹೋಗಬೇಡಿ.

ಕೊನೆಗೆ ಉಳಿದದ್ದು ದುಡ್ಡಿನ ಮಾತು. ಹೌದು, ಇದಕ್ಕೆ ಖರ್ಚುಂಟು. ಕೂಲಿಗೆ ಹೋಗುವವನ ಮನೆಯಲ್ಲಿ ಮೂರು ಮಕ್ಕಳಿಗೆ ಫೀಸು ಕಟ್ಟುವುದು ಸುಲಭವಲ್ಲ. ಅಂಥ ಮನೆಯವರಿಗೆ ನಾವು ಹೇಳುವುದು, ಪ್ಯಾಡಲ್ ಬೋರ್ಡ್ ಇಲ್ಲದಿದ್ದರೆ ನಷ್ಟವಿಲ್ಲ, ಈಜು ಇಲ್ಲದಿದ್ದರೆ ನಷ್ಟ ಉಂಟು. ಇದ್ದ ದುಡ್ಡನ್ನು ಮೊದಲು ಈಜಿಗೆ ಹಾಕಿ. ದುಡ್ಡಿರುವವರು ಮಗನಿಗೆ ಬೈಕು ತೆಗೆಸಿಕೊಡುವ ಮೊದಲು ಇದಕ್ಕೆ ಕೊಡಿ.

ನಮ್ಮ ಜಮಾಅತ್ ಕಮಿಟಿಗಳಲ್ಲಿ, ಯುವಕ ಸಂಘಗಳಲ್ಲಿ ಒಂದು ವಿನಂತಿ. ಅಂಡರ್ ಆರ್ಮ್ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಟೂರ್ನಮೆಂಟಿಗೆ ಫ್ಲಡ್ ಲೈಟು, ಟ್ರೋಫಿ, ಫ್ಲೆಕ್ಸ್ ಎಂದು ನಾವು ಖರ್ಚು ಮಾಡುತ್ತೇವೆ. ತಪ್ಪಲ್ಲ, ಆಡಲಿ. ಅದರಲ್ಲಿ ಒಂದು ಪಾಲು ಬೇರೆ ತೆಗೆದಿಟ್ಟು, ಮೊಹಲ್ಲಾದ ಹತ್ತು ಹುಡುಗರಿಗೆ, ಹತ್ತು ಹುಡುಗಿಯರಿಗೆ ಪ್ರತಿ ವರ್ಷ ಈಜು ಕಲಿಸುವ ವ್ಯವಸ್ಥೆ ಮಾಡಿ. ಹುಡುಗಿಯರಿಗೆ ಪ್ರತ್ಯೇಕ ಹೊತ್ತು ಕೊಡಿ ಎಂದು ಈಜುಕೊಳದವರಿಗೆ ಅರ್ಜಿ ಬರೆಯಿರಿ. ಹತ್ತು ಮನೆಯವರು ಒಬ್ಬೊಬ್ಬರೇ ಕೇಳಿದರೆ ಆಗದ್ದು ಜಮಾಅತ್ ಲೆಟರ್‌ಹೆಡ್‌ನಲ್ಲಿ ಕೇಳಿದರೆ ಆಗಬಹುದು. ಚೆನ್ನಾಗಿ ಕಲಿತ ಇಬ್ಬರನ್ನು ಆರಿಸಿ ಜೀವರಕ್ಷಕ ತರಬೇತಿಗೆ ಕಳಿಸಿ. ನಮ್ಮ ಕಡಲತೀರಗಳಿಗೆ ಪ್ರವಾಸಿಗರು ಹೆಚ್ಚುತ್ತಿದ್ದಾರೆ. ಕಲಿಸುವ, ಕಾಯುವ ಕೆಲಸಕ್ಕೆ ಜನ ಬೇಕು. ಗಲ್ಫಿಗೆ ಹೋಗದೆ ಊರಲ್ಲೇ ದುಡಿಯುವ ದಾರಿ ಒಂದೆರಡು ಹುಡುಗರಿಗೆ ಅಲ್ಲಿಂದಲೂ ಸಿಗಬಹುದು.

ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನ ಎಂದು ವಿಶ್ವಸಂಸ್ಥೆ 2021ರಿಂದ ಆಚರಿಸುತ್ತಿದೆ. ನಮ್ಮಲ್ಲಿ ಅದು ಜೋರು ಮಳೆಯ ಕಾಲ, ಹೊಳೆ ತುಂಬಿ ಹರಿಯುವ ಹೊತ್ತು. ಆ ದಿನಕ್ಕೆ ಹತ್ತಿರದ ಶುಕ್ರವಾರ ಜುಮುಅಕ್ಕೆ ಮೊದಲು ಹತ್ತು ನಿಮಿಷ ಈ ವಿಷಯ ಮಾತಾಡಿ ಎಂದು ಖತೀಬರಲ್ಲಿ ಕೇಳಿಕೊಳ್ಳುತ್ತೇವೆ. ಹೆಸರು ಬರೆಸುವ ಪಟ್ಟಿಯನ್ನು ಅದೇ ದಿನ ಮಸೀದಿಯ ಹೊರಗೆ ಇಡಿ, ಮಳೆ ನಿಂತು ನದಿ ತಿಳಿಯಾದ ಕೂಡಲೇ ಮೊದಲ ತಂಡ ಕಲಿಯಲು ಹೊರಡಲಿ.